ಮಳೆಗಾಲದ ಕೊದ್ದೆಲಿಗೆ ಬೇಸಿಗೆಯಲ್ಲೇ ತಯಾರಿ

ಆಟಿಯ ಮಳೆ ಹಿಡಿದು ಕೂತಿತೆಂದರೆ ದೂರದ ಪೇಟೆಗಳಲ್ಲಿರುವ ಮಕ್ಕಳಿಂದಲೂ ತಂಗಿಯಂದಿರಿಂದಲೂ ಮನೆಗೆ ಫೋನು ಬರುವುದು ಹೆಚ್ಚಾಗುತ್ತದೆ. ಮಳೆ ಹೇಗುಂಟು, ಎರಡನೇ ಮದ್ದು ಬಿಟ್ಟಾಯಿತೇ, ತೋಟದಲ್ಲಿ ಕೊಳೆ ಕಂಡಿದೆಯೇ ಎಂಬ ವಿಚಾರಗಳೆಲ್ಲ ಮುಗಿದು ಇನ್ನೇನು ಮಾತು ನಿಲ್ಲಬೇಕು ಎನ್ನುವಾಗ ಒಂದು ಪ್ರಶ್ನೆ ಬರುತ್ತದೆ: "ಆ ಸೌತೆಕಾಯಿ, ಹಲಸಿನ ಬೀಜದ ಕೊದ್ದೆಲು ಮಾಡುವ ಕ್ರಮ ಹೇಗೆ? ಇಲ್ಲಿ ಮಾಡಿದರೆ ಮನೆಯದ್ದರ ಹಾಗೆ ಆಗುವುದೇ ಇಲ್ಲ." ಈ ಪತ್ರಿಕೆಯ ಓದುಗರಲ್ಲಿ ಕೆಲವರು ಈ ಪ್ರಶ್ನೆ ಕೇಳಿದವರು, ಉಳಿದವರು ಕೇಳಿಸಿಕೊಂಡವರು. ಆದ್ದರಿಂದ ಈ ಸಲ ರೋಗ, ಗೊಬ್ಬರ, ಧಾರಣೆಗಳನ್ನು ಸ್ವಲ್ಪ ಬದಿಗಿಟ್ಟು ಅಡುಗೆಮನೆಯ ಕಡೆ ನೋಡೋಣ.

ಹೆಸರಿನಿಂದಲೇ ಆರಂಭಿಸಬೇಕು. ಯಾಕೆಂದರೆ ಅರ್ಧ ಗೊಂದಲ ಅಲ್ಲಿಯೇ ಇದೆ. ಕೊದ್ದೆಲು ಎಂಬುದು ತುಳುನಾಡಿನ ಮಾತು. ಹವ್ಯಕರ ಮನೆಗಳಲ್ಲಿ ಕೊದಿಲು ಎನ್ನುತ್ತಾರೆ, ಬೆಂದಿ ಎಂದೂ ಹೇಳುವುದುಂಟು. ಘಟ್ಟ ಹತ್ತಿದರೆ ಹುಳಿ. ಇದಕ್ಕೆ ಹಾಕುವ ಸೌತೆಯೂ ಅಷ್ಟೇ: ತುಳುವಿನಲ್ಲಿ ತೌತೆ, ಕೊಂಕಣಿಯಲ್ಲಿ ಮಗ್ಗೆ, ಉತ್ತರ ಕನ್ನಡದ ಕಡೆ ಮೊಗೆಕಾಯಿ, ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ಮಂಗಳೂರು ಸೌತೆ. ಉಪ್ಪುಖಾರ ಹಚ್ಚಿ ಹಸಿಯಾಗಿ ತಿನ್ನುವ ಮುಳ್ಳುಸೌತೆ ಇದಲ್ಲ. ಸಸ್ಯಶಾಸ್ತ್ರದವರು ನಮ್ಮ ಈ ಬಣ್ಣದ ಸೌತೆಯನ್ನು ಕರ್ಬೂಜದ ಜಾತಿಗೆ ಸೇರಿಸುತ್ತಾರೆ, ಮುಳ್ಳುಸೌತೆಯ ಜಾತಿಗಲ್ಲ. ಬೆಂಗಳೂರಿನಲ್ಲಿ ಹಸಿರು ಮುಳ್ಳುಸೌತೆ ಹೆಚ್ಚಿ ಹಾಕಿ "ನೀರಾಯಿತು, ಕರಗಿಹೋಯಿತು" ಎನ್ನುವವರಿಗೆ ಇಷ್ಟು ಹೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನರ್ಧ ಉತ್ತರ ಮಸಾಲೆಯಲ್ಲಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಅಜ್ಜಿ ಯಾವುದೋ ಒಂದು ಸಾಮಾನನ್ನು ಯಾರಿಗೂ ಹೇಳದೆ ಹಾಕುತ್ತಿದ್ದರು ಎಂಬ ಕತೆ ಪ್ರತಿ ಮನೆಯಲ್ಲಿಯೂ ಇದೆ. ಅಂಥದ್ದೇನೂ ಇಲ್ಲ. ಈ ಕೊದ್ದೆಲಿಗೆ ಬೀಳುವ ಸಾಮಾನುಗಳನ್ನು ಬೆರಳಲ್ಲಿ ಎಣಿಸಬಹುದು: ಸೌತೆ, ಹಲಸಿನ ಬೀಜ, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ, ಬೆಲ್ಲ, ಉಪ್ಪು, ಬೆಳ್ಳುಳ್ಳಿ, ತೆಂಗಿನೆಣ್ಣೆ, ಬೇವಿನೆಲೆ. ಕೊತ್ತಂಬರಿ, ಮೆಂತೆ, ಜೀರಿಗೆ ಹುರಿದು ಹಾಕಿದರೆ ಅದು ಸಾಂಬಾರಾಗುತ್ತದೆ. ರುಚಿಯಲ್ಲಿ ಕಡಿಮೆಯಲ್ಲ, ಆದರೆ ಅದು ಬೇರೆ ಪದಾರ್ಥ. ಹಳೆಯ ರುಚಿಯ ಬಹುಪಾಲು ಒಲೆಯ ಮುಂದೆ ಹುಟ್ಟಿದ್ದಲ್ಲ, ಮಳೆ ಬರುವ ಮುಂಚೆ ಅಟ್ಟದಲ್ಲಿಯೂ ಮಡಕೆಯಲ್ಲಿಯೂ ಹುಟ್ಟಿದ್ದು ಎಂಬುದು ನನಗೆ ಖಚಿತವಾದದ್ದು ಕಳೆದ ಮಳೆಗಾಲದಲ್ಲಿ. ಅದನ್ನಿಷ್ಟು ಹೇಳಬೇಕು.

ನಮ್ಮ ತಂದೆಯವರಿಗೆ 84 ವರ್ಷ. ಜುಲೈಯಲ್ಲಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಕಾಯಿಲೆ ಇಳಿದಿತ್ತು, ಬಾಯಿರುಚಿ ಪೂರ್ತಿ ಹೋಗಿತ್ತು. ಗಂಜಿ ಎರಡು ಚಮಚಕ್ಕೆ ಸಾಕು. ಹಣ್ಣು ಬೇಡ, ಹಾಲು ಬೇಡ. ವೈದ್ಯರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಹಾಗೆಯೇ, ಹೇಗಾದರೂ ಮಾಡಿ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಕರೆತರಬೇಕಾದೀತು ಎಂದೂ ಎಚ್ಚರಿಸಿದ್ದರು. ಏನು ಬೇಕು ಎಂದು ಕೇಳಿದರೆ ಅಪ್ಪನಿಂದ ಬಂದ ಉತ್ತರ ಒಂದೇ: "ಅಮ್ಮನ ಕೊದ್ದೆಲು." ಅಜ್ಜಿ ತೀರಿಹೋಗಿ ನಲವತ್ತು ವರ್ಷ ದಾಟಿದೆ. ಮನೆಯವಳ ಕೈರುಚಿಯ ಬಗ್ಗೆ ಊರಲ್ಲಿ ಎರಡು ಮಾತಿಲ್ಲ. ಅವಳು ಮಾಡಿದ್ದನ್ನು ಅಪ್ಪ ನಾಲಗೆಗೆ ತಾಗಿಸಿ, "ಒಳ್ಳೆಯದುಂಟು ಮಗಾ, ಆದರೆ ಅದಲ್ಲ" ಎಂದು ಬಟ್ಟಲು ಸರಿಸಿದರು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹೇಳಿ ಕಳುಹಿಸಿದೆವು.

ಅತ್ತೆಗೂ ಎಂಬತ್ತರ ಹತ್ತಿರ. ಕಣ್ಣು ಮಂಜು. ಜೀಪಿನಿಂದ ಇಳಿದವರು ಅಣ್ಣನನ್ನು ಮಾತಾಡಿಸಿ, ಕೈಕಾಲು ತೊಳೆದು, ನೇರ ಅಡುಗೆಮನೆಗೆ ಬಂದು ಕೇಳಿದ ಮೊದಲ ಮಾತು, "ಬೀಜ ಎಲ್ಲಿಟ್ಟದ್ದು?" ಮನೆಯವಳು ಫ್ರಿಜ್ಜಿನಿಂದ ತೊಟ್ಟೆ ತೆಗೆದು ಕೊಟ್ಟಳು. ಅತ್ತೆ ಒಂದು ಬೀಜವನ್ನು ಬೆರಳಲ್ಲಿ ಒತ್ತಿ, ಮೂಸಿ, "ಇದಿರಲಿ, ಪಲ್ಯಕ್ಕಾದೀತು" ಎಂದು ಬದಿಗಿಟ್ಟು ತಮ್ಮ ಕೈಚೀಲ ಬಿಚ್ಚಿದರು. ಒಳಗೆ ಕೆಮ್ಮಣ್ಣು ಮೆತ್ತಿದ ಬೀಜ ಒಂದೆರಡು ಸೇರಿನಷ್ಟು. ಮಗಳ ಮನೆಗೆ ಹೋಗುವಾಗ ಸೀರೆ ತೆಗೆದುಕೊಂಡು ಹೋಗುವಂತೆ ಅವರು ಮಣ್ಣು ಸಮೇತ ಹಲಸಿನ ಬೀಜ ತಂದಿದ್ದರು! ಮುಂದೆ ಎಂಟು ದಿನ ನಮ್ಮಲ್ಲಿಯೇ ಇದ್ದರು. ಇಲ್ಲಿ ಬರೆಯುತ್ತಿರುವ ಕ್ರಮದ ಬಹುಪಾಲು ಆ ಎಂಟು ದಿನಗಳಲ್ಲಿ ಅವರು ಹೇಳಿ, ನಾವು ನೋಡಿ ಬರೆದುಕೊಂಡದ್ದು. ಅಳತೆಗಳು ಮಾತ್ರ ನಮ್ಮವು. ಅವರಿಗೆ ಅಳತೆಯೆಂದರೆ ಕೈಹಿಡಿ ಮತ್ತು ವಾಸನೆ.

ಬೀಜದ ವಿಷಯ ಮೊದಲು. ಭತ್ತ, ಉದ್ದು, ಹುರುಳಿ ಇವೆಲ್ಲ ಒಣಗಿಸಿದಷ್ಟೂ ಬಾಳುವ ಕಾಳುಗಳು. ಹಲಸಿನ ಬೀಜದ ಸ್ವಭಾವ ಇದಕ್ಕೆ ತಿರುಗಾಮುರುಗ. ಅದು ತನ್ನೊಳಗಿನ ತೇವವನ್ನು ಕಳೆದುಕೊಂಡರೆ ಸಾಯುತ್ತದೆ. ನರ್ಸರಿ ಮಾಡುವವರಿಗೆ ಇದು ಗೊತ್ತು. ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಹಾಕಬೇಕು, ಬಿಸಿಲಲ್ಲಿ ಒಣಗಿಸಿಟ್ಟರೆ ಮೊಳಕೆ ಬರುವುದಿಲ್ಲ. ಬಿಸಿಲಿಗಿಟ್ಟ ಬೀಜ ಬೇಯಿಸಿದರೂ ಗಟ್ಟಿ, ಒಣಒಣ. ಹಾಗೆಂದು ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ನಾಲ್ಕು ದಿನಕ್ಕೆ ಬೂಸು. ತೇವ ಹೋಗಲೂಬಾರದು, ಹೊರಗಿನ ನೀರು ತಾಗಲೂಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಮಣ್ಣು.

ಮೇ ಕೊನೆ, ಜೂನ್ ಮೊದಲ ವಾರದೊಳಗೆ ಚೆನ್ನಾಗಿ ಬಲಿತ ಹಣ್ಣಿನ ಬೀಜವನ್ನು ಆರಿಸಿ, ಲೋಳೆ ಪೂರ್ತಿ ಹೋಗುವ ಹಾಗೆ ಬೂದಿ ಹಾಕಿ ತಿಕ್ಕಿ ತೊಳೆಯಬೇಕು. ನೆರಳಿನಲ್ಲಿ ಒಂದು ದಿನ ಹರಡಿದರೆ ಮೇಲಿನ ನೀರು ಆರುತ್ತದೆ; ಅಷ್ಟೇ ಸಾಕು. ಗಾಯವಾದದ್ದು, ಹುಳ ಹಿಡಿದದ್ದು ಒಂದೂ ಇರಬಾರದು. ಅನಂತರ ಜರಡಿ ಹಿಡಿದ ಕೆಮ್ಮಣ್ಣನ್ನು ಮಣ್ಣಿನ ಮಡಕೆಯ ತಳಕ್ಕೆ ಎರಡು ಬೆರಳು ದಪ್ಪ ಹಾಸಿ, ಅದರ ಮೇಲೆ ಒಂದು ಸಾಲು ಬೀಜ, ಮತ್ತೆ ಮಣ್ಣು, ಮತ್ತೆ ಬೀಜ. ಕೊನೆಗೆ ಮಣ್ಣು ಮುಚ್ಚಿ ಬಾಯಿಗೆ ಬಾಳೆಯೆಲೆ ಕಟ್ಟುವುದು. ಮಣ್ಣು ಕೈಯಲ್ಲಿ ಹಿಡಿದರೆ ತಂಪಿರಬೇಕು, ಹಿಂಡಿದರೆ ಉಂಡೆಯಾಗಬಾರದು. ಕೆಲವರು ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಬೀಜಕ್ಕೆ ಮೆತ್ತಿ ಒಣಗಿಸಿ ರಾಶಿ ಹಾಕುತ್ತಾರೆ. ಅತ್ತೆಯದ್ದು ಈ ಎರಡನೇ ಕ್ರಮ. ಮಡಕೆಯನ್ನು ಒಲೆಯಿಂದ ದೂರ, ನೀರು ಸಿಡಿಯದ ಮೂಲೆಯಲ್ಲಿಡಬೇಕು. ಹೆಗ್ಗಣದ ವಿಚಾರ ಪ್ರತ್ಯೇಕ ಹೇಳಬೇಕಾಗಿಲ್ಲ. ಹೀಗಿಟ್ಟ ಬೀಜ ಮಳೆಗಾಲ ಕಳೆಯುವವರೆಗೂ ಬರುತ್ತದೆ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಎರಡು ತಿಂಗಳು ಮಣ್ಣಿನಲ್ಲಿದ್ದ ಬೀಜದಲ್ಲಿ ಕೆಲವು ಮೂತಿ ಬಿಟ್ಟಿರುತ್ತವೆ. ಅದು ಹಾಳಾದ ಬೀಜವಲ್ಲ. ಮೊಳೆಯಲು ಹೊರಟ ಯಾವುದೇ ಬೀಜದಲ್ಲಿ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗತೊಡಗುತ್ತದೆ. ಹಳೆಯ ಕೊದ್ದೆಲಿನ ಬೀಜಕ್ಕೆ ಒಂದು ನಸುಸಿಹಿ ಇರುತ್ತಿತ್ತು, ಅದು ಬೆಲ್ಲದ ಸಿಹಿಯಲ್ಲ ಎಂದು ಅಪ್ಪ ಹೇಳುತ್ತಿದ್ದುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ತರ್ಕ. ಫ್ರಿಜ್ಜಿನ ತಣ್ಣನೆಯಲ್ಲಿ ಬೀಜ ಕೆಡದೆ ಇದ್ದೀತು, ಮೊಳೆಯುವ ಕೆಲಸಕ್ಕೆ ಹೊರಡುವುದಿಲ್ಲ.

ಹಲಸಿನ ಬೀಜಕ್ಕೆ ನಮ್ಮಲ್ಲಿ ಬರಗಾಲವೇ ಎಂದು ಹಿಂದೆ ಯಾರಾದರೂ ಕೇಳಿದ್ದರೆ ನಗುತ್ತಿದ್ದೆವು. ಹಲಸು ಪಶ್ಚಿಮಘಟ್ಟದ ನೆಲದ್ದೇ ಮರ. ಆದರೆ ಘಟ್ಟದ ಮೇಲಿನ ಕಾಫಿ ಬೆಳೆಗಾರ ಮಿತ್ರರನ್ನು ಕೇಳಿ ನೋಡಿ. ನೆರಳಿಗೆಂದು ಅಜ್ಜಂದಿರು ಉಳಿಸಿಕೊಂಡಿದ್ದ ಹಲಸು, ಅತ್ತಿ, ನಂದಿಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದು ಎಷ್ಟೋ ಕಾಲವಾಯಿತು. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತಿಸಬಹುದು, ಮರ ಕಡಿದರೆ ದುಡ್ಡು, ಯಾರನ್ನೂ ದೂರುವಂತಿಲ್ಲ. ಉಳಿದ ಹಲಸಿನ ಮರಗಳಿಗೆ ಈಗ ಆನೆಯ ಭಯ. ಸಕಲೇಶಪುರ, ಆಲೂರು, ಕೊಡಗಿನ ಕಡೆ ಹಣ್ಣಿನ ವಾಸನೆಗೆ ಆನೆ ತೋಟಕ್ಕೆ ನುಗ್ಗುತ್ತದೆಂದು ಕಾಯಿ ಎಳೆಯದಿರುವಾಗಲೇ ಕೊಯ್ದು ಹಾಕುವ ಬೆಳೆಗಾರರಿದ್ದಾರೆ. ತೋಟದಲ್ಲಿ ಕೆಲಸ ಮಾಡುವ ಜನರ ಪ್ರಾಣದ ಪ್ರಶ್ನೆ ಬಂದಾಗ ಕೊದ್ದೆಲಿನ ಮಾತಾಡುವುದು ಸರಿಯಲ್ಲ. ಆದರೂ ಮನೆಯಂಗಳದ ಹತ್ತಿರ, ಆನೆಯ ದಾರಿಗೆ ದೂರವಾಗಿ, ಒಂದು ಒಳ್ಳೆಯ ಹಲಸಿನ ಮರ ಉಳಿಸಿಕೊಳ್ಳಲು ಅವಕಾಶವಿರುವವರು ಉಳಿಸಿಕೊಳ್ಳಲಿ.

ಸೌತೆಯದ್ದೂ ಇಂಥದೇ ಕತೆ. ಕರಾವಳಿಯ ಬುಡದಲ್ಲಿ ಏಣೇಲು, ಸುಗ್ಗಿ ಎರಡು ಬೆಳೆ ತೆಗೆದ ಗದ್ದೆಯಲ್ಲಿ ನೀರಿನ ಅನುಕೂಲವಿದ್ದವರು ಕೊಳಕೆ ಮಾಡುತ್ತಿದ್ದರು. ಅಷ್ಟು ನೀರಿಲ್ಲದವರು ಅದೇ ಗದ್ದೆಯಲ್ಲಿ ಸೌತೆ, ಕುಂಬಳ, ಅಳಸಂಡೆ, ಹರಿವೆ ಹಾಕುತ್ತಿದ್ದರು. ಸುಡುಮಣ್ಣು, ಹಟ್ಟಿಗೊಬ್ಬರ, ಸಂಜೆ ಮಕ್ಕಳ ಕೈಯಿಂದ ಕೊಡಪಾನದಲ್ಲಿ ನೀರು. ಮೇ ಹೊತ್ತಿಗೆ ಗದ್ದೆಯ ತುಂಬ ಹಳದಿ ಪಟ್ಟೆಯ ಕಾಯಿ ಉರುಳಾಡುತ್ತಿತ್ತು. ಆ ಗದ್ದೆಗಳು ಈಗ ಬಹಳ ಕಡೆ ಅಡಿಕೆ ತೋಟಗಳು. ಅಡಿಕೆಯಿಂದ ಉಣ್ಣುವ ನಾವು ಅದಕ್ಕೆ ಅಳಬೇಕಾಗಿಲ್ಲ. ಆದರೆ ಸೌತೆಗೆ ಬೇಕಾದ್ದು ಬಿಸಿಲು, ಸಸಿ ತೋಟದಲ್ಲಿ ಮೊದಲ ಎರಡು ಬೇಸಿಗೆ ಅದು ಧಾರಾಳವಾಗಿ ಸಿಗುತ್ತದೆ. ಹೊಸ ತೋಟ ಮಾಡಿದವರು ಸಾಲಿನ ನಡುವೆ ಹತ್ತು ಬುಡ ಹಾಕಿದರೂ ಒಂದು ಮನೆಯ ಮಳೆಗಾಲಕ್ಕೆ ಸಾಕು.

ಕಾಯಿಯನ್ನು ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳಿಸದೆ ತಂದು, ಬಾಳೆಬಳ್ಳಿಯಲ್ಲಿ ಒಂದೊಂದನ್ನೇ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗಹಾಕುವ ಪದ್ಧತಿ ಹಿರಿಯರಿಗೆ ನೆನಪಿರಬಹುದು. ನೆಲದಲ್ಲಿ ರಾಶಿ ಹಾಕಿದರೆ ಕಾಯಿ ಕಾಯಿಗೆ ತಾಗಿದಲ್ಲಿ, ನೆಲಕ್ಕೆ ತಾಗಿದಲ್ಲಿ ಬೆವರಿ ಕೊಳೆಯುತ್ತದೆ. ತೂಗುವ ಕಾಯಿಗೆ ಸುತ್ತಲೂ ಗಾಳಿ. ಅಡುಗೆಮನೆಯ ಮಾಡಿನಲ್ಲಾದರೆ ಹೊಗೆಯೂ ಸೇರಿ, ಸಿಪ್ಪೆ ಗಟ್ಟಿಯಾಗಿ, ದೀಪಾವಳಿಯವರೆಗೂ ಉಳಿಯುತ್ತಿತ್ತು. ತೂಗಿ ತಿಂಗಳಾದ ಕಾಯಿಯಲ್ಲಿ ನೀರು ಕಡಿಮೆಯಾಗಿ ತಿರುಳು ಬಿಗಿಯಾಗುತ್ತದೆ. ಕುದಿಸಿದಾಗ ಹೋಳು ಹೋಳಾಗಿಯೇ ನಿಲ್ಲುತ್ತದೆ. ತಾರಸಿ ಮನೆಗಳಲ್ಲಿ ಪಕ್ಕಾಸು ಎಲ್ಲಿಂದ ಬರಬೇಕು ಎಂದು ಕೇಳಬಹುದು. ನಮ್ಮ ಮನೆಯೂ ತಾರಸಿಯೇ. ಕಾರು ನಿಲ್ಲಿಸುವ ಚಪ್ಪರದ ಕಬ್ಬಿಣದ ಪಟ್ಟಿಗೆ ಕಟ್ಟಿದ್ದೇವೆ, ಹೊಗೆ ಇಲ್ಲದಿದ್ದರೂ ಎರಡೂವರೆ ತಿಂಗಳು ಬಂದಿದೆ.

ಇನ್ನು ಒಲೆಯ ಕಡೆ ಬರೋಣ. ಆರು ಜನರ ಊಟಕ್ಕೆ ಒಂದು ಕಿಲೋ ತೂಕದ ಸೌತೆ ಒಂದು, ಹಲಸಿನ ಬೀಜ 25ರಿಂದ 30. ಬೀಜದ ಮೇಲಿನ ಬಿಳಿಯ ದಪ್ಪ ಸಿಪ್ಪೆ ಮಾತ್ರ ಸುಲಿಯಬೇಕು. ಅದರ ಕೆಳಗಿನ ತೆಳ್ಳಗಿನ ಕಂದು ಪೊರೆಯನ್ನು ಕೆರೆದು ತೆಗೆಯುವುದು ಈಗಿನ ನಾಜೂಕು. ಅದನ್ನು ಬಿಟ್ಟರೆ ಸಾರಕ್ಕೆ ಒಂದು ಮಸುಕು ಬಣ್ಣ, ಸಣ್ಣ ಒಗರು ಬರುತ್ತದೆ, ಬರಬೇಕು. ಸುಲಿದ ಬೀಜವನ್ನು ಗುಂಡುಕಲ್ಲಿನಿಂದ ಒಂದೇ ಪೆಟ್ಟು ಜಜ್ಜುವುದು. ಚೂರಿಯಲ್ಲಿ ತುಂಡು ಮಾಡುವುದಲ್ಲ. ಜಜ್ಜಿದ ಬೀಜದ ಬಿರುಕಿನಲ್ಲಿ ಹುಳಿ, ಖಾರ ಒಳಗೆ ಇಳಿಯುತ್ತದೆ, ಅಂಚಿನ ಹಿಟ್ಟು ಕರಗಿ ಕೊದ್ದೆಲಿಗೆ ದಪ್ಪ ಕೊಡುತ್ತದೆ. ಬೇಳೆ ಹಾಕದ ಈ ಪದಾರ್ಥಕ್ಕೆ ಮೈ ಬರುವುದೇ ಅದರಿಂದ. ಬೀಜ ಪೂರ್ತಿ ಬೇಯಬೇಕು ಎಂಬುದು ರುಚಿಯ ಮಾತು ಮಾತ್ರವಲ್ಲ. ಹಸಿ ಬೀಜದಲ್ಲಿ ಜೀರ್ಣಕ್ಕೆ ಅಡ್ಡಬರುವ ಅಂಶಗಳಿವೆ, ಬೇಯಿಸಿದಾಗ ಅವು ಹೋಗುತ್ತವೆ. ಹೊಟ್ಟೆ ಉಬ್ಬರದ ಅಪವಾದ ಬೀಜಕ್ಕೆ ಬಂದದ್ದು ಅರೆಬೆಂದದ್ದನ್ನು ತಿಂದವರಿಂದ.

ಸೌತೆಯನ್ನು ಹೆಚ್ಚುವ ಮುನ್ನ ಎರಡೂ ತುದಿಯಿಂದ ಒಂದು ಚೂರು ಬಾಯಿಗೆ ಹಾಕಿ ನೋಡಲೇಬೇಕು. ಕಹಿಯಾಗಿದ್ದರೆ ಇಡೀ ಕಾಯಿಯನ್ನು ಬಿಸಾಡುವುದು. ಬೆಲ್ಲ ಜಾಸ್ತಿ ಹಾಕಿ ಸುಧಾರಿಸುವ ಲೋಭ ಬೇಡ, ಆ ಕಹಿ ಬೆಂದರೂ ಹೋಗುವುದಿಲ್ಲ, ವಾಂತಿಭೇದಿಗೂ ಕಾರಣವಾಗುತ್ತದೆ. ಒಳಗಿನ ತಿರುಳು, ಬೀಜ ತೆಗೆದು, ಸಿಪ್ಪೆ ಉಳಿಸಿಕೊಂಡು ಎರಡು ಬೆರಳಗಲದ ಹೋಳು ಮಾಡಬೇಕು. ಸಿಪ್ಪೆಯೇ ಹೋಳಿನ ಬೆನ್ನೆಲುಬು.

ಕ್ರಮದಲ್ಲಿ ಮುಖ್ಯವಾದ ಒಂದು ವಿಷಯ ಹುಳಿ ಬೀಳುವ ಹೊತ್ತು. ಪೇಟೆಯ ಅಡುಗೆಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಸೀಟಿ ಕೂಗಿಸುತ್ತಾರೆ. ಹುಳಿಯ ನೀರಿನಲ್ಲಿ ತರಕಾರಿ, ಬೀಜ ಯಾವುದೂ ಬೇಗ ಮೆತ್ತಗಾಗುವುದಿಲ್ಲ. ಬೀಜ ಬೇಯಲೆಂದು ಇನ್ನೆರಡು ಸೀಟಿ ಕೂಗಿಸಿದರೆ ಸೌತೆ ಮುದ್ದೆ. ಮೊದಲು ಬರೀ ನೀರಿನಲ್ಲಿ ಬೀಜ; ಅದು ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಹದಕ್ಕೆ ಬಂದ ಮೇಲೆ ಸೌತೆ, ಉಪ್ಪು, ಅಡಿಕೆಗಾತ್ರದ ಬೆಲ್ಲ. ಸೌತೆ ಮುಕ್ಕಾಲು ಬೆಂದ ಮೇಲೆ ಅರಪ್ಪಿನೊಂದಿಗೆ ಹುಳಿ. ಆಗ ಬೀಜ ಮೆತ್ತಗೂ ಸೌತೆ ಗಟ್ಟಿಯೂ ಉಳಿಯುತ್ತವೆ. ಕುಕ್ಕರ್ ಬಳಸುವವರು ಬೀಜವನ್ನು ಮಾತ್ರ ಅದರಲ್ಲಿ ಎರಡು ಸೀಟಿ ಬೇಯಿಸಿಕೊಂಡು ಉಳಿದದ್ದನ್ನು ತೆರೆದ ಪಾತ್ರೆಯಲ್ಲಿ ಮಾಡಿದರೆ ಯಾವ ತೊಂದರೆಯೂ ಇಲ್ಲ. ಅತ್ತೆ ಇದಕ್ಕೆ ಆಕ್ಷೇಪಿಸಲಿಲ್ಲ, "ಸೌದೆ ಉಳಿಯಿತು" ಎಂದರು.

ಅರಪ್ಪಿಗೆ ದೊಡ್ಡ ಕಾಯಿಯ ಒಂದು ಹೋಳು ತುರಿ, ಕೆಂಡದಲ್ಲಿ ಅಥವಾ ಚಮಚೆಯಷ್ಟು ಎಣ್ಣೆಯಲ್ಲಿ ಬಿಸಿಮಾಡಿದ ಒಣಮೆಣಸು ಏಳೆಂಟು, ನಿಂಬೆಗಾತ್ರದ ಹುಣಸೆಹುಳಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಊರಿನ ಮೆಣಸು ಅರ್ಧರ್ಧ. ಮೆಣಸು, ಹುಳಿಯನ್ನು ಮೊದಲು ನುಣ್ಣಗೆ ಮಾಡಿಕೊಂಡು ಕಾಯಿತುರಿಯನ್ನು ಕೊನೆಗೆ ಹಾಕಬೇಕು. ಮಿಕ್ಸಿಯಲ್ಲಿ ಒಂದೇ ಸಮನೆ ಓಡಿಸಿದರೆ ಬಿಸಿಯೇರಿ ಕಾಯಿಯ ಎಣ್ಣೆ ಬೇರೆಯಾಗುತ್ತದೆ; ನಿಲ್ಲಿಸಿ ನಿಲ್ಲಿಸಿ, ತಣ್ಣೀರು ಬಿಟ್ಟು ಅರೆದರೆ ಕಡೆಯುವ ಕಲ್ಲಿನ ಅರಪ್ಪಿಗೆ ಹತ್ತಿರ ಬರುತ್ತದೆ. ಕಲ್ಲಿನಷ್ಟೇ ಆಗುತ್ತದೆ ಎಂದು ನಾನು ಹೇಳಲಾರೆ.

ಅಪ್ಪನಿಗೆಂದು ಮಾಡುವಾಗ ಅತ್ತೆ ಮೆಣಸು ಮೂರಕ್ಕೆ ಇಳಿಸಿ ಎಂಟು ಕಾಳುಮೆಣಸು ಸೇರಿಸಿದರು. "ಕಾಯಿಲೆಯವರಿಗೆ ಇದೇ ಖಾರ" ಎಂಬುದು ಅವರ ಶಾಸ್ತ್ರ. ಯೋಚಿಸಿದರೆ ಅದೇ ಹಳೆಯದು. ಕೆಂಪು ಮೆಣಸು ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂದದ್ದು. ಅದಕ್ಕೂ ಹಿಂದೆ ನಮ್ಮ ಅಡುಗೆಗೆ ಖಾರ ಕೊಟ್ಟದ್ದು ತೋಟದ ಬಳ್ಳಿಯ ಮೆಣಸೇ. ಉಪ್ಪನ್ನು ಅವರು ಅರ್ಧಕ್ಕಿಂತ ಕಡಿಮೆ ಮಾಡಿದರು. ಇಲ್ಲಿ ಒಂದು ಎಚ್ಚರಿಕೆ: ಭರಣಿಯಲ್ಲಿ ವರ್ಷಗಟ್ಟಲೆ ಇಡುವ ಹಳೆಯ ಹುಣಸೆಹುಳಿಗೆ ಉಪ್ಪು ಬೆರೆಸಿರುತ್ತೇವೆ. ಉಪ್ಪು ಕಡಿಮೆ ಮಾಡಬೇಕಾದವರ ಮನೆಯಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪು ಇಳಿಸಿದ ಜಾಗವನ್ನು ಹುಳಿ ಮತ್ತು ಬೆಳ್ಳುಳ್ಳಿ ಬಹುಮಟ್ಟಿಗೆ ತುಂಬಿಕೊಡುತ್ತವೆ.

ಪಾತ್ರೆಯ ವಿಚಾರದಲ್ಲಿ ಜನ ಮಣ್ಣಿನ ಅಳಗೆಗೆ ಬಹಳ ಮಹತ್ವ ಕೊಡುತ್ತಾರೆ. ಮಣ್ಣಿನ ಪಾತ್ರೆಗೆ ಹುಳಿ ಹತ್ತುವುದಿಲ್ಲ, ಒಲೆಯಿಂದ ಇಳಿಸಿದ ಮೇಲೂ ಕಾಲು ಗಂಟೆ ಸಣ್ಣಗೆ ಕುದಿಯುತ್ತಲೇ ಇರುತ್ತದೆ. ಅದರ ಲಾಭ ಇವೆರಡು. ಅಲ್ಯೂಮಿನಿಯಂ ಪಾತ್ರೆಯಲ್ಲಿ, ಕಲಾಯಿ ಹೋದ ತಾಮ್ರ ಹಿತ್ತಾಳೆಯಲ್ಲಿ ಹುಳಿಪದಾರ್ಥ ಮಾಡಬಾರದು. ತುತ್ತ ಕರಗಿಸಿ ಬೋರ್ಡೋ ಮಾಡುವ ನಮಗೆ ತಾಮ್ರ ಹೊಟ್ಟೆಗೆ ಹೋದರೆ ಏನೆಂದು ವಿವರಿಸಬೇಕಾಗಿಲ್ಲ. ಸ್ಟೀಲಿನ ದಪ್ಪ ತಳದ ಪಾತ್ರೆ ಇದ್ದರೆ ಸಾಕು, ಇಳಿಸಿದ ಮೇಲೆ ದಪ್ಪ ಬಟ್ಟೆ ಸುತ್ತಿಟ್ಟರೆ ಅಳಗೆಯ ಕೆಲಸವನ್ನೇ ಮಾಡುತ್ತದೆ. ಕೊತ್ತಳಿಗೆ, ಗೆರಟೆ, ಅಡಿಕೆಸಿಪ್ಪೆಯ ಹೊಗೆ ಮಾತ್ರ ಗ್ಯಾಸಿನಲ್ಲಿ ಸಿಗುವುದಿಲ್ಲ. ಆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಬಾಳಿದ ಹೆಂಗಸರನ್ನು ನೆನೆದರೆ ಅದು ಸಿಗದಿರುವುದೇ ಲೇಸು.

ಅರಪ್ಪು ಹಾಕಿ ಎರಡು ಕುದಿ ಬಂದ ಮೇಲೆ ಒಗ್ಗರಣೆ. ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ, ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿಡುವುದು. ಗಾಣದ ಎಣ್ಣೆಯಾಗಿರಬೇಕು, ವಾಸನೆ ತೆಗೆದ ಎಣ್ಣೆಯಲ್ಲಿ ಈ ಕೆಲಸ ಆಗುವುದಿಲ್ಲ. ಅತ್ತೆಗೆ ಬಣ್ಣ ಕಾಣುವುದಿಲ್ಲ. ಮೂಗಿನಲ್ಲೇ ನಿಂತು ಕಾದರು. ಹಸಿವಾಸನೆ ಹೋಗಿ ಸಿಹಿವಾಸನೆ ಬಂದು, ಅದು ಕಹಿಗೆ ತಿರುಗುವ ಒಂದು ಗಳಿಗೆ ಮುಂಚೆ "ಹಾಕು ಹಾಕು" ಎಂದರು. ಬೇವಿನೆಲೆ ಸೇರಿಸಿ ಸುರಿದು ಕೂಡಲೇ ಮುಚ್ಚಳ. ಹಬ್ಬ, ತಿಥಿಯ ದಿನ ಬೆಳ್ಳುಳ್ಳಿ ಇಲ್ಲದೆ ಸಾಸಿವೆ ಇಂಗಿನ ಒಗ್ಗರಣೆ ಕೊಡುವವರುಂಟು. ಅದು ಊಟಕ್ಕಾದೀತು, ಇಲ್ಲಿ ಹೇಳುತ್ತಿರುವ ಪದಾರ್ಥವಾಗದು.

ಮೊದಲ ದಿನ ಅಪ್ಪ ಕುಚ್ಚಲಕ್ಕಿ ಗಂಜಿಯ ಜೊತೆ ನಾಲ್ಕು ತುತ್ತು ತೆಗೆದುಕೊಂಡರು. ಏನೂ ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಉಳಿದದ್ದನ್ನು ರಾತ್ರಿ ಮತ್ತೆ ಕುದಿಸಿ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಸಣ್ಣ ಉರಿಯಲ್ಲಿ ಬತ್ತಿಸಿ ಕೊಟ್ಟರು. ಒಂದು ಬೀಜ ಅಗಿದು, ಇನ್ನೊಂದು ಅಗಿದು, ಅಪ್ಪ "ಹತ್ತಿರ ಬಂತು" ಎಂದರು. ಆ ಹೊತ್ತು ಗಂಜಿಯ ಬಟ್ಟಲು ಖಾಲಿಯಾಯಿತು. ಅಡುಗೆಮನೆಯಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಳ್ಳುಳ್ಳಿಯ ಘಾಟು ಎಂದು ಹೇಳಿದರು. ಎಂಟು ದಿನ ಕಳೆದು ಅವರು ಹೊರಟಾಗ ಅಪ್ಪ ಜಗಲಿಯವರೆಗೆ ನಡೆದು ಬಂದು ಬೀಳ್ಕೊಟ್ಟರು. ಈಗ ಅಂಗಳದಲ್ಲಿ ಅಡಿಕೆ ಹರಗುವವರಿಗೆ ಕೂತಲ್ಲಿಂದಲೇ ಸೂಚನೆ ಕೊಡುವಷ್ಟಾಗಿದ್ದಾರೆ. ಔಷಧವೂ ಆರೈಕೆಯೂ ಅದಕ್ಕೆ ಕಾರಣ. ಆದರೆ ಊಟ ಶುರುವಾದದ್ದು ಆ ಬೆಳಿಗ್ಗೆ.

ಮರುದಿನದ ರುಚಿಯ ಬಗ್ಗೆ ಪೇಟೆಯವರಿಗೆ ವಿಶೇಷವಾಗಿ ಹೇಳಬೇಕು. ಮಾಡಿದ ಹೊತ್ತಿನ ಕೊದ್ದೆಲಿನಲ್ಲಿ ಹುಳಿ, ಖಾರ ರಸದಲ್ಲಿ ಇರುತ್ತದೆ, ಬೀಜದೊಳಗೆ ಇರುವುದಿಲ್ಲ. ರಾತ್ರಿ ಕಳೆದ ಮೇಲೆ ಒಳಗೆ ಇಳಿದಿರುತ್ತದೆ. ನಾವು ಚಿಕ್ಕಂದಿನಲ್ಲಿ ತಿಂದು ನೆನಪಿಟ್ಟುಕೊಂಡದ್ದು ಬಹುಶಃ ಈ ಎರಡನೇ ದಿನದ್ದನ್ನೇ. ದೊಡ್ಡ ಕುಟುಂಬ, ದೊಡ್ಡ ಅಳಗೆ. ಶಾಲೆಗೆ ಹೋಗುವ ಮುನ್ನ ಬಡಿಸುತ್ತಿದ್ದುದು ನಿನ್ನೆಯದ್ದು. ಅಮ್ಮನಿಗೆ ಫೋನು ಮಾಡಿ, ಕೇಳಿದ ಹಾಗೆಯೇ ಮಾಡಿ, ಆಗಲೇ ಬಡಿಸಿಕೊಂಡು "ಹಾಗೆ ಆಗಲಿಲ್ಲ" ಎನ್ನುವವರು ಒಂದು ರಾತ್ರಿ ತಾಳಿ ನೋಡಬಹುದು. ಕಾಯಿ ಹಾಕಿದ ಪದಾರ್ಥ ಬೇಗ ಹಳಸುತ್ತದೆ. ಹಿಂದಿನವರು ಕುದಿಸಿ, ಸೌಟು ಹಾಕದೆ, ಮುಚ್ಚಳ ತೆಗೆಯದೆ ಇಡುತ್ತಿದ್ದರು. ಬೆಂಗಳೂರಿನ ಸೆಕೆಗಾಲದಲ್ಲಿ ಆ ಧೈರ್ಯ ಬೇಡ. ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಸಾಕು. ಬೀಜಕ್ಕೆ ಅವರಲ್ಲಿ ಮಣ್ಣು ಮಡಕೆ ಇಲ್ಲದಿದ್ದ ಪಕ್ಷದಲ್ಲಿ ಊರಿಂದ ಬರುವ ಯಾರ ಕೈಯಲ್ಲಾದರೂ ಮಣ್ಣು ಮೆತ್ತಿದ್ದನ್ನೇ ಕಳುಹಿಸಿರಿ. ಕಾಗದದ ಚೀಲದಲ್ಲಿ, ಗಾಳಿಯಾಡುವ ಕಡೆ, ತಿಂಗಳ ಮೇಲೆ ಇರುತ್ತದೆ.

ಮೂರನೇ ದಿನಕ್ಕೆ ತಳದಲ್ಲಿ ಉಳಿಯುವ ನಾಲ್ಕಾರು ಬೀಜ, ಕರಗಿಯೂ ಕರಗದ ಸೌತೆಯ ಸಿಪ್ಪೆ, ಅಂಟಿದ ಬೆಳ್ಳುಳ್ಳಿ ಇವನ್ನು ಬಾಣಲೆಯಲ್ಲಿ ಒಂದು ತೊಟ್ಟು ಎಣ್ಣೆ ಬಿಟ್ಟು ನೀರು ಇಂಗುವವರೆಗೆ ಹುರಿದರೆ ನೀರುದೋಸೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ನಮ್ಮಲ್ಲಿ ಅದಕ್ಕೆ ಪಾಲು ಹಂಚುವ ಪ್ರಶ್ನೆಯೇ ಇಲ್ಲ. ಬಾಣಲೆಯ ಹತ್ತಿರ ಮೊದಲು ಬಂದವರಿಗೆ.